ಕಂಟ್ರೋಲಿನ ಕಥೆ

“ಯಪ್ಪಾ, ಕಂಟ್ರೋಲನ್ಯಾಗ ಅಕ್ಕಿ ಬಂದಾವೇನು?”

ಕುಷ್ಟಗಿಯ ಬೀದಿಯಲ್ಲಿ ವೃದ್ಧೆಯೊಬ್ಬರು ಕೇಳಿದರು. ನ್ಯಾಯಬೆಲೆ ಅಂಗಡಿಗೆ ನಮ್ಮ ಕಡೆಯ ಹಿರಿಯರು ಹೇಳುವ ಹೆಸರು ‘ಕಂಟ್ರೋಲ್’. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಗಳು ಧಾನ್ಯ, ಬಟ್ಟೆ, ಸೀಮೆಎಣ್ಣೆಗಳ ಹಂಚಿಕೆಯನ್ನು ಕೈಗೆತ್ತಿಕೊಂಡಾಗ ಜನರ ನಾಲಗೆಗೆ ಬಂದ ಮಾತಿದು. ಈಗ ತಾಯಿಯು ಮಗನಿಗೆ ‘ಸಿಟ್ಟು ಕಂಟ್ರೋಲ್ ಮಾಡಿಕೋ’ ಎನ್ನುತ್ತಾಳೆ. ವೈದ್ಯರು ‘ರಕ್ತದೊತ್ತಡ ಕಂಟ್ರೋಲಿಗೆ ಬಂದಿದೆ’ ಎನ್ನುತ್ತಾರೆ. ಎಲ್ಲೆಡೆಯೂ ಭಾವ ಒಂದೇ: ಅದುಮಿ ಹಿಡಿಯುವುದು.

ಆದರೆ ಈ ಕ್ರಿಯಾಪದದ ಜನ್ಮಸ್ಥಳ ಸಿಂಹಾಸನವಲ್ಲ, ಲೆಕ್ಕದ ಕೋಣೆ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಕಾಂಟ್ರಾ’ ಎಂದರೆ ಎದುರು. ‘ರೋಟುಲಸ್’ ಎಂದರೆ ಸುರುಳಿ. ಲೆಕ್ಕವನ್ನು ಚರ್ಮದ ಸುರುಳಿಗಳಲ್ಲಿ ಬರೆಯುತ್ತಿದ್ದ ಕಾಲವದು. ಲೆಕ್ಕ ಒಪ್ಪಿಸುವವನ ಬಳಿ ಒಂದು ಸುರುಳಿ. ಅದಕ್ಕೆದುರಾಗಿ ಮತ್ತೊಬ್ಬನ ಬಳಿ ಇನ್ನೊಂದು. ಎರಡನ್ನೂ ತಾಳೆ ನೋಡುವುದೇ ‘ಕಂಟ್ರೋಲ್’. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಿತು. ತಾಳೆ ನೋಡುವವನ ಅಧಿಕಾರವೇ ಮುಂದಾಗಿ, ‘ಹತೋಟಿಯಲ್ಲಿಡು’ ಎಂಬ ಅರ್ಥ ಬೆಳೆಯಿತು. ನಮ್ಮ ಸಂವಿಧಾನದ 148ನೆಯ ವಿಧಿಯು ಹೇಳುವ ‘ಕಂಟ್ರೋಲರ್ ಮತ್ತು ಆಡಿಟರ್ ಜನರಲ್’ ಎಂಬ ಹುದ್ದೆಯಲ್ಲಿ ಹಳೆಯ ಅರ್ಥದ ನೆರಳಿದೆ.

ನಾವು ಬಳಸುವ ‘ನಿಯಂತ್ರಣ’ದ ದಾರಿ ಬೇರೆ. ಅದರ ಮೂಲ ಸಂಸ್ಕೃತದ ‘ಯಮ್’ ಧಾತು. ಅರ್ಥ, ತಡೆದು ಹಿಡಿಯುವುದು. ‘ಯಂತೃ’ ಎಂದರೆ ಸಾರಥಿ. ‘ಯಂತ್ರ’ವೂ ಅದೇ ಮನೆತನದ್ದು. ಇಲ್ಲಿ ಲಗಾಮು ಒಬ್ಬನ ಕೈಯಲ್ಲಿ; ಅಲ್ಲಿ ಲೆಕ್ಕ ಇಬ್ಬರ ಕೈಯಲ್ಲಿ.

ಹಿಂದೆ ಪಡಿತರಕ್ಕೂ ಎರಡು ಸುರುಳಿಗಳಿದ್ದವು: ಅಂಗಡಿಯವರ ವಹಿ, ಮನೆಯವರ ಕಾರ್ಡು. ಕೊಟ್ಟದ್ದು ಎರಡರಲ್ಲಿಯೂ ದಾಖಲಾಗುತ್ತಿತ್ತು. ಈಗ ಬೆರಳಚ್ಚಿನ ಯಂತ್ರ ಬಂದಿದೆ. ಮೋಸ ತಡೆಯಲು ಅದು ಉಪಕಾರಿ, ನಿಜ. ಆದರೆ ಅಜ್ಜಿಯದು ಕಳೆ ಕಿತ್ತು, ರೊಟ್ಟಿ ತಟ್ಟಿ, ಗೆರೆ ಸವೆದ ಬೆರಳು. ಅವರೊಡನೆ ಅಂಗಡಿಗೆ ಹೋದ ನಾನು ನೋಡಿದೆ: ಮೂರು ಸಲ ಒತ್ತಿದರೂ ಯಂತ್ರ ಗುರುತಿಸಲಿಲ್ಲ. ಅವರ ಮುಖ ಸಣ್ಣದಾಯಿತು. ನಾಲ್ಕನೆಯ ಸಲ ಒಪ್ಪಿತು. ಅಕ್ಕಿ ಹೊತ್ತು, ಯಂತ್ರ ನೀಡಿದ ಚೀಟಿಯನ್ನು ಅಲ್ಲಿಯೇ ಬಿಟ್ಟು ಹೊರಟರು.

ಕರೆದು ಕೈಗಿತ್ತೆ.

“ಓದಾಕ ಬರಂಗಿಲ್ಲಪ್ಪ ನನಗ.”

“ಮೊಮ್ಮಗಳ ಕಡೆ ಓದಿಸ್ರಿ, ಯಮ್ಮಾ. ಎಷ್ಟು ಕೊಟ್ಟಾರಂತ ಬರದೈತಿ.”

ಅಜ್ಜಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ವಾಚಕರೇ, ಅಂಗಡಿಯಲ್ಲಿ ಚೀಟಿಯನ್ನು ಕೇಳಿ ಪಡೆಯಿರಿ. ನಮ್ಮ ಪಾಲಿನ ಸುರುಳಿ ಅದು. ಅದು ನಮ್ಮ ಬಳಿ ಇರುವವರೆಗೆ ಕಂಟ್ರೋಲು ನಮ್ಮದೂ ಹೌದು.