ಕರುವಿನ ಮೂಳೆಗೆ ಸುಣ್ಣವೊಂದೇ ಸಾಲದು

ಬೆಳೆಯುವ ಕರುವಿನ ಮುಂಗಾಲು ಡೊಂಕಾಗಿ ಕೀಲು ಗಂಟುಕಟ್ಟಿದರೆ, ಸುಣ್ಣದ ತಿಳಿ ಕುಡಿಸಿದರೆ ಸಾಕು ಎನ್ನುವವರುಂಟು. ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಬೇಕು ನಿಜ. ಆದರೆ ಅದೊಂದರಿಂದಲೇ ಮೂಳೆ ಗಟ್ಟಿಯಾಗದು.

ಕೋಳಿಯ ಮೂಳೆಯೊಂದನ್ನು ಕೆಲವು ದಿನ ವಿನಿಗರ್‌ನಲ್ಲಿ ನೆನೆಹಾಕಿ ನೋಡಿ. ಖನಿಜ ಕರಗಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಬೆಳ್ಳಗಾಗುವವರೆಗೆ ಕೆಂಡದಲ್ಲಿ ಸುಡಿ. ನಾರು ಉರಿದುಹೋಗಿ, ಉಳಿದ ಖನಿಜ ಹಿಸುಕಿದರೆ ಪುಡಿಯಾಗುತ್ತದೆ. ನಾರು, ಖನಿಜ ಎರಡೂ ಕೂಡಿದರೇನೇ ಮೂಳೆ. ಈ ಖನಿಜದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 2 ಪಾಲು ಕ್ಯಾಲ್ಸಿಯಂಗೆ 1 ಪಾಲು ರಂಜಕವಿದೆ.

ಕರು ಬೆಳೆಯುವಾಗ ಕಾಲುಮೂಳೆಯ ತುದಿಯಲ್ಲಿ ಮೊದಲು ಮೆತ್ತನೆಯ ಮೃದ್ವಸ್ಥಿ ಬೆಳೆಯುತ್ತದೆ. ಅದರ ಜೀವಕೋಶಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಕಳಚಿಕೊಳ್ಳುತ್ತವೆ. ಕ್ಯಾಲ್ಸಿಯಂ ಮತ್ತು ರಂಜಕ ಅವುಗಳಲ್ಲಿ ಕೂಡಿ ಹರಳುಗಟ್ಟುತ್ತವೆ. ಚೀಲದ ಮೇಲಿರುವ ಕಿಣ್ವವೊಂದು ರಂಜಕವನ್ನು ಬಿಡಿಸಿಕೊಡುವುದಲ್ಲದೆ, ಹರಳುಗಟ್ಟಲು ಅಡ್ಡಬರುವ ಪೈರೋಫಾಸ್ಫೇಟನ್ನೂ ಒಡೆಯುತ್ತದೆ. ಹರಳುಗಳು ಹೊರಬಂದು ನಾರಿಗೆ ಹರಡಿದ ಮೇಲೆ ಅಲ್ಲಿ ಹೊಸ ಮೂಳೆ ಕೂರುತ್ತದೆ.

ಎರಡರಲ್ಲಿ ಒಂದು ಕಡಿಮೆಯಾದರೂ ಮೃದ್ವಸ್ಥಿ ಬೆಳೆಯುತ್ತಲೇ ಹೋಗುತ್ತದೆ, ಗಟ್ಟಿಯಾಗುವುದಿಲ್ಲ. ಕೀಲಿನ ಬಳಿ ಊತ ಬರುವುದೂ ಮೈಭಾರಕ್ಕೆ ಕಾಲು ಬಾಗುವುದೂ ಇದರಿಂದಲೇ. ಬರೀ ಭತ್ತದ ಹುಲ್ಲು ತಿನ್ನುವ ಕರುವಿಗೆ ಈ ಅಪಾಯ ಹೆಚ್ಚು. ಆ ಹುಲ್ಲಿನಲ್ಲಿ ರಂಜಕ ತೀರ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ದಕ್ಕದಂತೆ ಮಾಡುತ್ತದೆ. ಇಂತಹ ಕರುವಿಗೆ ಸುಣ್ಣವನ್ನಷ್ಟೇ ಕೊಟ್ಟರೆ ರಂಜಕದ ಕೊರತೆ ಹಾಗೆಯೇ ಉಳಿಯುತ್ತದೆ.

ತಿಂದ ಖನಿಜ ಕರುಳಿನಿಂದ ರಕ್ತಕ್ಕೆ ಸೇರಲು 'ಡಿ' ಜೀವಸತ್ವ ಬೇಕು. ಅದು ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುತ್ತದೆ. ಕತ್ತಲ ಕೊಟ್ಟಿಗೆಯಲ್ಲೇ ಕಟ್ಟಿಹಾಕಿದ ಕರುವಿಗೆ ಇದು ಸಿಗುವುದೆಂತು?

ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿ:

1. ಕರುವನ್ನು ದಿನವೂ ಸ್ವಲ್ಪ ಹೊತ್ತು ಬಿಸಿಲಿಗೆ ಬಿಡಿ.

2. ಹುಲ್ಲಿನ ಜೊತೆಗೆ ಅಲಸಂದೆ, ಕುದುರೆ ಮೆಂತೆಯ ಹಸಿಮೇವು ಕೊಡಿ. ಇವುಗಳಲ್ಲಿ ಕ್ಯಾಲ್ಸಿಯಂ ಹೆಚ್ಚು. ತೌಡು, ಗೋಧಿ ಬೂಸಾದಿಂದ ರಂಜಕ ಸಿಗುತ್ತದೆ.

3. ಖನಿಜ ಮಿಶ್ರಣವನ್ನು ಕರುವಿಗೆ ದಿನಕ್ಕೆ 20ರಿಂದ 25 ಗ್ರಾಂ, ಕಡಸಿಗೆ 50 ಗ್ರಾಂನಂತೆ ತಿಂಡಿಯಲ್ಲಿ ಬೆರೆಸಿ ಕೊಡಿ.

4. ಕೀಲು ಬಿಸಿಯಾಗಿ ಊದಿ ಕರು ಕುಂಟಿದರೆ ಅದು ಹೊಕ್ಕುಳಿನಿಂದ ಬಂದ ಸೋಂಕಿರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಬಾಗಿದ ಕಾಲನ್ನು ಎಳೆತನದಲ್ಲೇ ಗಮನಿಸಿದರೆ ಸರಿಪಡಿಸಬಹುದು. ಬೆಳವಣಿಗೆ ಮುಗಿದ ಮೇಲೆ ಡೊಂಕು ಹಾಗೆಯೇ ನಿಲ್ಲುತ್ತದೆ. ನಾಳೆ ನೊಗ ಹೊರಬೇಕಾದ ಹೋರಿ, ಹಾಲು ಕೊಡಬೇಕಾದ ಹಸು ಇಂದಿನ ಈ ಕರುವೇ ಎಂಬುದನ್ನು ಮರೆಯದಿರಿ.