ಮಾಜಿ ಸೈನಿಕರೂ ಶಾಸನವೂ

ಕನ್ನಡದಲ್ಲಿ ಶಾಸನವೆಂದರೆ ಕಲ್ಲಿನ ಮೇಲಿನ ಬರಹವೂ ಹೌದು, ಶಾಸನಸಭೆ ಮಾಡುವ ಕಾನೂನೂ ಹೌದು. ಮೊದಲನೆಯದನ್ನು ತರಗತಿಯಲ್ಲಿ ಪಾಠ ಹೇಳುವಾಗ ನಾನು ‘ನೆತ್ತರುಗೊಡಗೆ’ ಎಂಬ ಮಾತಿನ ಬಳಿ ತುಸು ನಿಲ್ಲುತ್ತಿದ್ದೆ. ಕಾಳಗದಲ್ಲಿ ಮಡಿದವನ ಮನೆತನಕ್ಕೆ ಬಿಟ್ಟುಕೊಟ್ಟ ಭೂಮಿಯ ಹೆಸರು ಅದು. ಏನು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಊರ ಕಣ್ಣೆದುರಿಗೇ ಇರುತ್ತಿತ್ತು.

ಇಂದು ಸೈನಿಕನಿಗೆ ಸಮಾಜ ಸಲ್ಲಿಸಬೇಕಾದ ಋಣ ಹಲವು ಕಚೇರಿಗಳಲ್ಲಿ ಹಂಚಿಹೋಗಿದೆ. ಸುಮಾರು 15 ಲಕ್ಷ ಮಾಜಿ ಸೈನಿಕರಿರುವ ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ನೋಡಿ. ಗಾಯಾಳುವಿಗೆ ಸಲ್ಲುವ ಪರಿಹಾರಧನವೂ ಸೈನಿಕರ ಆಸ್ಪತ್ರೆಗಳೂ ಅಲ್ಲಿ ಕೇಂದ್ರ ಸರ್ಕಾರದವು. ಆ ಧನಕ್ಕೆ ಅರ್ಜಿ ಸಲ್ಲಿಸಲು ನೆರವಾಗುವುದು ರಾಜ್ಯದ ಮಾಜಿ ಸೈನಿಕರ ಆಯೋಗ. ಅದರ ಮೂಲ 1927ರಷ್ಟು ಹಳೆಯದು. ಮನೆ, ಜಮೀನಿನ ಸಾಲ ಕೊಡುವುದು ಬೇರೊಂದು ಮಂಡಳಿ. ಹೇಜಲ್‌ವುಡ್ ಕಾಯಿದೆಯಂತೆ ಅರ್ಹರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕದ ವಿನಾಯಿತಿಯೂ ಉಂಟು. ಸೌಲಭ್ಯಗಳು ಹಲವಾರಿವೆ. ಆದರೆ ಯಾವ ಬಾಗಿಲನ್ನು ತಟ್ಟಬೇಕೆಂದು ತಿಳಿಯದವನಿಗೆ ಅವು ಇದ್ದೂ ಇಲ್ಲದಂತೆಯೇ.

ಈ ತೊಡಕಿಗೆ ಪರಿಹಾರವಾಗಿ ಟೆಕ್ಸಾಸಿನ ಶಾಸನಸಭೆ 2011ರಲ್ಲಿ ಮಾಜಿ ಸೈನಿಕರ ಸೇವೆಗಳ ಸಮನ್ವಯ ಮಂಡಳಿಯೊಂದನ್ನು ಕಾನೂನಿನ ಮೂಲಕ ರಚಿಸಿತು. ರಾಜ್ಯದ ಹಲವು ಇಲಾಖೆಗಳು ಒಟ್ಟಿಗೆ ಕುಳಿತು ತಮ್ಮ ಕೆಲಸಗಳನ್ನು ಹೊಂದಿಸಿಕೊಳ್ಳಬೇಕು, ಸೈನಿಕರಿಗೂ ಅವರ ಕುಟುಂಬದವರಿಗೂ ಸೌಲಭ್ಯಗಳ ಅರಿವು ಮೂಡಿಸಬೇಕು, ಕೇಂದ್ರ ಮತ್ತು ಸ್ಥಳೀಯ ಸಂಸ್ಥೆಗಳೊಡನೆ ಸಹಕಾರ ಬೆಳೆಸಬೇಕು ಎಂಬ ಹೊಣೆಯನ್ನು ಅದಕ್ಕೆ ಹೊರಿಸಿತು. ಇದರಿಂದ ಹೊಸ ಪಿಂಚಣಿಯೇನೂ ಹುಟ್ಟಲಿಲ್ಲ. ಒಂದು ಇಲಾಖೆಗೆ ಇನ್ನೊಂದರ ಕೆಲಸ ತಿಳಿದಿರಬೇಕೆಂಬುದು ಮಾತ್ರ ಅಧಿಕಾರಿಗಳ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿಯದೆ ಕರ್ತವ್ಯವಾಯಿತು.

ಮಂಡಳಿ ಮಾಡುವುದು ಶಿಫಾರಸು. ಅದು ತಾನೇ ಯಾರ ಮನೆಗೂ ಹೋಗಲಾರದು. ಆ ಕೆಲಸಕ್ಕೆ ಊರಿನಲ್ಲೇ ಒಬ್ಬರು ಬೇಕು. ಅಲ್ಲಿಯ ಜಿಲ್ಲೆಗಳಿಗೆ ‘ಕೌಂಟಿ’ ಎಂದು ಹೆಸರು. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಕೌಂಟಿಯಲ್ಲಿ ಮಾಜಿ ಸೈನಿಕರ ಸೇವಾ ಕಚೇರಿ ಇರಲೇಬೇಕೆಂದು ಟೆಕ್ಸಾಸಿನ ಕಾನೂನು ವಿಧಿಸುತ್ತದೆ. ಸಮನ್ವಯದ ಫಲ ಕೊನೆಗೆ ಕಾಣಬೇಕಾದದ್ದು ಆ ಕಚೇರಿಯ ಮೇಜಿನ ಮುಂದೆಯೇ.

ನಮ್ಮಲ್ಲಿಯೂ ಸೈನಿಕನ ಪಿಂಚಣಿ ಕೇಂದ್ರ ಸರ್ಕಾರದ್ದು. ರಾಜ್ಯದ ನೆರವುಗಳು ಬೇರೆ. ಇವೆರಡರ ನಡುವೆ ದಾರಿ ತೋರಿಸಲು ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಹಳ್ಳಿಯೊಂದರಲ್ಲಿ ಗಂಡನ ಬಿಡುಗಡೆ ಪತ್ರವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಂಡ ವಿಧವೆಗೆ ಆ ಇಲಾಖೆಯ ಹೆಸರೇ ತಿಳಿಯದಿರಬಹುದು. ನೆರೆಯವರಾದ ನಾವು ಅಷ್ಟನ್ನಾದರೂ ತಿಳಿಸಿದರೆ, ನಮ್ಮ ಪಾಲಿನ ಋಣ ಕಿಂಚಿತ್ತಾದರೂ ಸಂದೀತು.