ಕಿಡ್ನಿಯಲ್ಲಿ ಕಲ್ಲು: ಹೇಗೆ ಕಟ್ಟುತ್ತದೆ, ದೇಹಕ್ಕೆ ಏನು ಮಾಡುತ್ತದೆ?



ಬೆಳಿಗ್ಗೆ ಹೊಲಕ್ಕೆ ಹೋದರೆ ಮನೆಗೆ ಬರುವುದು ಸಂಜೆಗೆ. ಕಳೆ ಕೀಳುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಕೀಳುವುದು ಎಲ್ಲಾ ಸುಡುವ ಬಿಸಿಲಲ್ಲೇ. ಆದರೂ ಬುತ್ತಿಯ ಜೊತೆ ಒಯ್ದ ಒಂದು ಬಾಟಲಿ ನೀರಿನಲ್ಲಿ ಅರ್ಧ ಹಾಗೇ ವಾಪಸ್ ಬರುತ್ತದೆ. ಯಾಕೆ ಕುಡಿಯಲಿಲ್ಲ ಅಂತ ಕೇಳಿದರೆ, "ನೀರು ಕುಡಿದ್ರೆ ಒಂದಕ್ಕೆ ಹೋಗ್ಬೇಕಾಗುತ್ತೆ, ಅಲ್ಲಿ ಮರೆ ಎಲ್ಲೈತೆ?" ಎನ್ನುತ್ತೇವೆ. ಬಸ್ಸಿನ ಪ್ರಯಾಣಕ್ಕೂ ಇದೇ ಲೆಕ್ಕ, ಸಂತೆಗೂ ಇದೇ ಲೆಕ್ಕ.

ಹೆಣ್ಣುಮಕ್ಕಳ ಈ ಲೆಕ್ಕ ನಾಚಿಕೆಯನ್ನೇನೋ ಉಳಿಸುತ್ತದೆ. ಆದರೆ ದೇಹದೊಳಗೆ ಬೇರೆಯೇ ಒಂದು ಲೆಕ್ಕ ನಡೆಯುತ್ತಿರುತ್ತದೆ. ಕಿಡ್ನಿಯಲ್ಲಿ ಕಲ್ಲು ಕಟ್ಟುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಇದೇ: ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾಗುವುದು. ಈ ಬಗ್ಗೆ ಈ ಸಲ ತಿಳಿದುಕೊಳ್ಳೋಣ.

ಕಿಡ್ನಿಯ ಕೆಲಸ ಏನು?

ನಮ್ಮ ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಕಿಡ್ನಿ ಇರುತ್ತದೆ. ಪುಸ್ತಕದಲ್ಲಿ ಇದಕ್ಕೆ ಮೂತ್ರಪಿಂಡ ಎನ್ನುತ್ತಾರೆ. ಆಕಾರ ಅವರೆಕಾಳಿನಂತೆ, ಗಾತ್ರ ಹೆಚ್ಚುಕಡಿಮೆ ನಮ್ಮ ಮುಷ್ಟಿಯಷ್ಟು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಜರಡಿಗಳಿವೆ. ಇವೆಲ್ಲ ಸೇರಿ ಒಂದು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬೇಕಾದ್ದನ್ನೆಲ್ಲ ವಾಪಸ್ ರಕ್ತಕ್ಕೆ ಸೇರಿಸಿ, ಬೇಡವಾದ್ದನ್ನು ಒಂದೂವರೆ ಎರಡು ಲೀಟರ್ ನೀರಿನಲ್ಲಿ ಕರಗಿಸಿ ಮೂತ್ರವಾಗಿ ಕಳಿಸುತ್ತವೆ.

ಕಿಡ್ನಿಯಿಂದ ಮೂತ್ರಚೀಲಕ್ಕೆ ಮೂತ್ರ ಇಳಿದು ಬರುವುದು ಒಂದು ನಾಳದ ಮೂಲಕ. ಇದರ ಉದ್ದ ಸುಮಾರು 25 ರಿಂದ 30 ಸೆಂಟಿಮೀಟರ್. ಒಳಗಿನ ದಾರಿ ಮಾತ್ರ ಬಹಳ ಕಿರಿದು, ಬರೀ 3-4 ಮಿಲಿಮೀಟರ್. ಈ ಕಿರಿದಾದ ದಾರಿಯನ್ನು ನೆನಪಿಟ್ಟುಕೊಳ್ಳಿ, ನೋವಿನ ಕಥೆ ಶುರುವಾಗುವುದು ಇಲ್ಲೇ.

ಕಲ್ಲು ಹೇಗೆ ಕಟ್ಟುತ್ತದೆ?

ಕಲ್ಲುಸಕ್ಕರೆ ಮಾಡುವುದು ಹೇಗೆ ಗೊತ್ತಲ್ಲ? ಸಕ್ಕರೆ ಪಾಕವನ್ನು ಗಟ್ಟಿ ಮಾಡಿ ಅದರಲ್ಲಿ ದಾರ ಇಳಿಬಿಟ್ಟು ಅಲುಗಾಡಿಸದೆ ಬಿಡುತ್ತಾರೆ. ದಾರಕ್ಕೆ ಮೊದಲು ಒಂದು ಸಣ್ಣ ಹರಳು ಅಂಟುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಹೀಗೆ ಬೆಳೆದು ಕಲ್ಲುಸಕ್ಕರೆ ಆಗುತ್ತದೆ. ಅದೇ ಸಕ್ಕರೆಯನ್ನು ಪಾನಕದಂತೆ ತೆಳ್ಳಗೆ ಕಲಸಿಟ್ಟರೆ ಹರಳು ಕಟ್ಟುವುದೇ ಇಲ್ಲ.

ಕಿಡ್ನಿಯಲ್ಲಿ ಆಗುವುದೂ ಹೀಗೆಯೇ. ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಫಾಸ್ಫೇಟ್, ಯೂರಿಕ್ ಆಮ್ಲ ಮುಂತಾದ ಲವಣಗಳು ಕರಗಿರುತ್ತವೆ. ನೀರು ಸಾಕಷ್ಟಿದ್ದರೆ ಅವು ಕರಗಿಕೊಂಡೇ ಹೊರಗೆ ಹೋಗುತ್ತವೆ. ನಾವು ನೀರು ಕಡಿಮೆ ಕುಡಿದು, ಇದ್ದ ನೀರು ಬೆವರಾಗಿ ಹೋದರೆ ಮೂತ್ರ ಪಾಕದಂತೆ ಗಟ್ಟಿಯಾಗುತ್ತದೆ. ಆಗ ಕರಗದೆ ಉಳಿದ ಲವಣ ಹರಳಾಗುತ್ತದೆ. ಎಷ್ಟೋ ಜನರಿಗೆ ಕಿಡ್ನಿಯ ಒಳಗೋಡೆಯಲ್ಲಿ ಸುಣ್ಣದಂತಹ ಸಣ್ಣ ಮಚ್ಚೆಗಳಿರುತ್ತವೆ. ಕಲ್ಲುಸಕ್ಕರೆಗೆ ದಾರ ಇದ್ದಂತೆ ಹರಳಿಗೆ ಈ ಮಚ್ಚೆ ಆಧಾರವಾಗುತ್ತದೆ. ತಿಂಗಳು, ವರ್ಷ ಕಳೆದಂತೆ ಪದರದ ಮೇಲೆ ಪದರ ಕೂತು ಕಲ್ಲಾಗುತ್ತದೆ.

ಕಲ್ಲು ಕಟ್ಟದಂತೆ ತಡೆಯುವ ವಸ್ತುವೂ ಮೂತ್ರದಲ್ಲೇ ಇದೆ. ಅದರ ಹೆಸರು ಸಿಟ್ರೇಟ್. ನಿಂಬೆಹಣ್ಣು, ಕಿತ್ತಳೆ ತಿಂದರೆ ಇದು ಹೆಚ್ಚಾಗುತ್ತದೆ.

ಎಲ್ಲಾ ಕಲ್ಲೂ ಒಂದೇ ಅಲ್ಲ

• ಕ್ಯಾಲ್ಸಿಯಂ ಕಲ್ಲು: ಹೆಚ್ಚಿನವರಲ್ಲಿ ಕಾಣುವುದು ಇದೇ. ಅದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲೇ ಜಾಸ್ತಿ.
• ಯೂರಿಕ್ ಆಮ್ಲದ ಕಲ್ಲು: ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ, ಮಾಂಸ ಹೆಚ್ಚು ತಿನ್ನುವವರಲ್ಲಿ ಕಾಣುತ್ತದೆ.
• ಸೋಂಕಿನ ಕಲ್ಲು: ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಮ್ಮ ಮೂತ್ರದ ದಾರಿ ಗಿಡ್ಡವಾಗಿರುವುದರಿಂದ ರೋಗಾಣು ಬೇಗ ಒಳಗೆ ಹೋಗುತ್ತದೆ. ಉರಿಮೂತ್ರ ಪದೇ ಪದೇ ಬಂದು ಸರಿಯಾದ ಔಷಧಿ ಮಾಡಿಸದಿದ್ದರೆ ಕೆಲವು ರೋಗಾಣುಗಳು ಮೂತ್ರದ ಗುಣವನ್ನೇ ಬದಲಿಸಿ ಕಲ್ಲು ಕಟ್ಟಿಸುತ್ತವೆ. ಈ ಕಲ್ಲು ಬೇಗ ಬೆಳೆದು ಜಿಂಕೆಯ ಕೊಂಬಿನಂತೆ ಕಿಡ್ನಿಯನ್ನೆಲ್ಲ ತುಂಬಿಕೊಳ್ಳಬಹುದು.
• ವಂಶದಿಂದ ಬರುವ ಸಿಸ್ಟೀನ್ ಕಲ್ಲು: ಇದು ಅಪರೂಪ. ಸಣ್ಣ ವಯಸ್ಸಿನಲ್ಲೇ ಶುರುವಾಗುತ್ತದೆ.

ನೋವು ಯಾಕೆ ಅಷ್ಟು ಜೋರು?

ಕಲ್ಲು ಕಿಡ್ನಿಯೊಳಗೆ ಕೂತಿರುವ ತನಕ ಹಲವರಿಗೆ ಗೊತ್ತೇ ಆಗುವುದಿಲ್ಲ. ಅದು ಜಾರಿ ಆ ಕಿರಿದಾದ ನಾಳಕ್ಕೆ ಇಳಿದಾಗಲೇ ಗೋಳು. ಕಲ್ಲು ಚುಚ್ಚುವುದರಿಂದ ನೋವು ಅಂತ ಅಂದುಕೊಳ್ಳುತ್ತೇವೆ. ಮುಖ್ಯ ಕಾರಣ ಅದಲ್ಲ. ದಾರಿ ಕಟ್ಟಿಕೊಂಡಾಗ ಹಿಂದೆ ಮೂತ್ರ ತುಂಬಿ ನಾಳವೂ ಕಿಡ್ನಿಯೂ ಉಬ್ಬುತ್ತವೆ. ಕಲ್ಲನ್ನು ತಳ್ಳಲು ನಾಳ ಹಿಂಡಿ ಹಿಂಡಿ ಒತ್ತುತ್ತದೆ. ಅದಕ್ಕೇ ನೋವು ಅಲೆ ಅಲೆಯಾಗಿ ಬರುತ್ತದೆ. ಪಕ್ಕೆಯ ಹಿಂದೆ ಶುರುವಾಗಿ ಕಿಬ್ಬೊಟ್ಟೆ, ತೊಡೆ ಸಂದಿಯವರೆಗೆ ಇಳಿಯುತ್ತದೆ. ಕೂತರೂ ಆಗದು, ಮಲಗಿದರೂ ಆಗದು. ವಾಂತಿ, ಬೆವರು, ಮೂತ್ರದಲ್ಲಿ ರಕ್ತ, ಉರಿ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುವುದು ಇವೂ ಬರಬಹುದು. "ಹೆರಿಗೆ ನೋವಿಗಿಂತ ಜಾಸ್ತಿ" ಅಂತ ಅನುಭವಿಸಿದ ತಾಯಂದಿರು ಹೇಳುವುದುಂಟು.

5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಹೆಚ್ಚಿನವರಲ್ಲಿ ತಾನೇ ಹೊರಗೆ ಹೋಗುತ್ತದೆ. 10 ಮಿಲಿಮೀಟರ್ ದಾಟಿದ ಕಲ್ಲು ತಾನಾಗಿ ಹೋಗುವುದು ಕಷ್ಟ.

ನೋವು ನಿಂತಿತು ಅಂದರೆ ಕಲ್ಲು ಹೋಯಿತು ಅಂತಲ್ಲ

ಇದು ಈ ಲೇಖನದ ಅತಿ ಮುಖ್ಯ ಮಾತು. ನೋವು ಬಂದಾಗ ಅಂಗಡಿಯಿಂದ ಮಾತ್ರೆ ತಂದು ನುಂಗಿ, ಎರಡು ದಿನದಲ್ಲಿ ಕಡಿಮೆಯಾದರೆ ಮರೆತುಬಿಡುತ್ತೇವೆ. ಕೂಲಿ ತಪ್ಪುತ್ತೆ, ಮಕ್ಕಳ ಫೀಸು ಕಟ್ಟಬೇಕು, ಸಂಘದ ಕಂತು ಇದೆ ಅಂತ ಮುಂದೂಡುತ್ತೇವೆ. ಆದರೆ ಕಲ್ಲು ನಾಳದಲ್ಲೇ ಸಿಕ್ಕಿಕೊಂಡಿದ್ದರೂ ನೋವು ಕಡಿಮೆಯಾಗಬಹುದು. ಆ ಹೊತ್ತಿನಲ್ಲಿ ಕಿಡ್ನಿ ಸದ್ದಿಲ್ಲದೆ ಉಬ್ಬುತ್ತಾ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೇ ಇದ್ದರೆ ಅದರ ಜರಡಿಗಳು ಸತ್ತು ಕಿಡ್ನಿ ಕೆಲಸಕ್ಕೆ ಬಾರದಂತಾಗುತ್ತದೆ. ಇನ್ನೊಂದು ಕಿಡ್ನಿ ಭಾರ ಹೊತ್ತುಕೊಳ್ಳುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆ ಕೂಡ ಸರಿಯಾಗಿಯೇ ಇರಬಹುದು. ಕಲ್ಲು ಹೋಯಿತೋ ಇಲ್ಲವೋ ಅಂತ ತಿಳಿಯಲು ಸ್ಕ್ಯಾನಿಂಗ್ ಮಾಡಿಸಲೇಬೇಕು.

ನೋವಿನ ಮಾತ್ರೆಗಳನ್ನು ಡಾಕ್ಟರ್ ಹೇಳದೆ ದಿನಗಟ್ಟಲೆ ನುಂಗುವುದರಿಂದಲೂ ಕಿಡ್ನಿಗೆ ಹಾನಿ ಆಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

• ನೋವಿನ ಜೊತೆ ಚಳಿ ಜ್ವರ ಬಂದರೆ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕಾಗಿ ಅದು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಬೆಳಗಾಗಲಿ ಅಂತ ಕಾಯಬೇಡಿ.
• ಮೂತ್ರ ನಿಂತುಹೋದರೆ ಅಥವಾ ತೀರಾ ಕಡಿಮೆಯಾದರೆ.
• ವಾಂತಿಯಿಂದ ನೀರೂ ನಿಲ್ಲದಿದ್ದರೆ, ನೋವು ತಡೆಯಲಾಗದಿದ್ದರೆ.
• ಗರ್ಭಿಣಿಯಾಗಿದ್ದರೆ.
• ಒಂದೇ ಕಿಡ್ನಿ ಇರುವವರಿಗೆ ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ ನೋವು ಬಂದರೆ.

ಪರೀಕ್ಷೆ ಮತ್ತು ಚಿಕಿತ್ಸೆ

ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್ ಸ್ಕ್ಯಾನ್ ಮೊದಲು ಮಾಡುತ್ತಾರೆ. ಬೇಕಿದ್ದರೆ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್. ಅಲ್ಟ್ರಾಸೌಂಡ್‌ನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಇಲ್ಲ.

ಸಣ್ಣ ಕಲ್ಲಾದರೆ ನೋವಿನ ಔಷಧಿ, ನಾಳ ಸಡಿಲಿಸುವ ಮಾತ್ರೆ ಕೊಟ್ಟು ಕೆಲವು ವಾರ ಕಾದು ನೋಡುತ್ತಾರೆ. ಆ ದಿನಗಳಲ್ಲಿ ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸಿ, ಕಲ್ಲು ಸಿಕ್ಕರೆ ಡಾಕ್ಟರಿಗೆ ಕೊಡಿ. ಯಾವ ಜಾತಿಯ ಕಲ್ಲು ಅಂತ ಗೊತ್ತಾದರೆ ಮತ್ತೆ ಬರದಂತೆ ತಡೆಯುವುದು ಸುಲಭ. ದೊಡ್ಡ ಕಲ್ಲಾದರೆ ಹೊರಗಿನಿಂದಲೇ ಅಲೆಗಳನ್ನು ಹಾಯಿಸಿ ಪುಡಿ ಮಾಡುವುದು, ಮೂತ್ರದ ದಾರಿಯಲ್ಲಿ ಸಣ್ಣ ದುರ್ಬೀನು ಹಾಕಿ ಲೇಸರ್‌ನಿಂದ ಒಡೆಯುವುದು, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುವುದು ಹೀಗೆ ದಾರಿಗಳಿವೆ. ಹಿಂದಿನಂತೆ ಹೊಟ್ಟೆ ಕೊಯ್ದು ತೆಗೆಯುವುದು ಈಗ ಅಪರೂಪ.

ಒಂದು ಎಚ್ಚರಿಕೆ. ಕೆಲವರಿಗೆ ಮೂತ್ರ ಸರಾಗವಾಗಿ ಇಳಿಯಲು ನಾಳದೊಳಗೆ ಸ್ಟೆಂಟ್ ಎಂಬ ತೆಳು ಕೊಳವೆ ಇಡುತ್ತಾರೆ. ಅದು ಹೊರಗೆ ಕಾಣುವುದಿಲ್ಲ. ನೋವು ಹೋಯಿತಲ್ಲ ಅಂತ ಹಲವರು ಅದನ್ನು ತೆಗೆಸಲು ಹೋಗುವುದೇ ಇಲ್ಲ. ಮರೆತರೆ ಕೊಳವೆಯ ಮೇಲೆಯೇ ಕಲ್ಲು ಕಟ್ಟಿ ಕಿಡ್ನಿ ಹಾಳಾಗಬಹುದು. ಮನೆಗೆ ಬರುವ ಮುಂಚೆ "ನನಗೆ ಸ್ಟೆಂಟ್ ಹಾಕಿದ್ದೀರಾ? ಯಾವ ದಿನ ತೆಗೀಬೇಕು?" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ಖರ್ಚಿನ ವಿಷಯದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 2018 ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ. ಬಡ್ಡಿಗೆ ಸಾಲ ಮಾಡುವ ಮುಂಚೆ ಇದನ್ನು ಮಾಡಿ.

ಕೇಳಿದ ಮಾತು, ನಿಜವಾದ ಮಾತು

"ಹಾಲು, ಮೊಸರು ಬಿಟ್ಟರೆ ಕಲ್ಲು ಬರಲ್ಲ." ತಪ್ಪು. ಊಟದಲ್ಲಿರುವ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತದೆ. ಹಾಲು ಮೊಸರು ಬಿಟ್ಟರೆ ಆಕ್ಸಲೇಟ್ ನೇರ ಮೂತ್ರಕ್ಕೆ ಹೋಗಿ ಕಲ್ಲು ಹೆಚ್ಚುತ್ತದೆ, ಮೂಳೆಯೂ ಸವೆಯುತ್ತದೆ. ಗರ್ಭಿಣಿಯರು ಕಲ್ಲಿನ ಭಯದಿಂದ ಕ್ಯಾಲ್ಸಿಯಂ ಮಾತ್ರೆ ಬಿಡಬಾರದು. ಮೊದಲೇ ಕಲ್ಲಾಗಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಿ.

"ಟೊಮೆಟೊ ಬೀಜದಿಂದ, ಅಕ್ಕಿಯ ಮರಳಿನಿಂದ ಕಲ್ಲಾಗುತ್ತೆ." ಇಲ್ಲ. ನುಂಗಿದ ಬೀಜವಾಗಲಿ ಮರಳಾಗಲಿ ಕಿಡ್ನಿಗೆ ಹೋಗುವ ದಾರಿಯೇ ಇಲ್ಲ. ಅದು ಮಲದಲ್ಲಿ ಹೋಗುತ್ತದೆ.

"ಸೊಪ್ಪೇ ತಿನ್ನಬಾರದು." ಎಲ್ಲಾ ಸೊಪ್ಪು ಬಿಡಬೇಕಿಲ್ಲ. ಆಕ್ಸಲೇಟ್ ಕಲ್ಲು ಆಗಿರುವವರು ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್ ಕಡಿಮೆ ಮಾಡಿದರೆ ಸಾಕು. ತಿನ್ನುವಾಗ ಬೇಯಿಸಿ, ಬೆಂದ ನೀರು ಬಸಿದು, ಮೊಸರಿನ ಜೊತೆ ತಿನ್ನಿ.

"ಬಾಳೆದಿಂಡಿನ ರಸ ಕುಡಿದರೆ ಯಾವ ಕಲ್ಲೂ ಕರಗುತ್ತೆ." ಪಲ್ಯವಾಗಿ, ರಸವಾಗಿ ಹಿತಮಿತವಾಗಿ ಸೇವಿಸಬಹುದು. ಆದರೆ ದೊಡ್ಡ ಕಲ್ಲಿಗೆ ಅದನ್ನೇ ನಂಬಿ ಸ್ಕ್ಯಾನಿಂಗ್ ಬಿಟ್ಟು ಕೂರಬಾರದು.

ಮತ್ತೆ ಬರದಂತೆ ಏನು ಮಾಡಬೇಕು?

ಒಮ್ಮೆ ಕಲ್ಲಾದವರಲ್ಲಿ ಎಚ್ಚರ ತಪ್ಪಿದರೆ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷದೊಳಗೆ ಮತ್ತೆ ಬರುತ್ತದೆ. ಆದ್ದರಿಂದ:

• ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು ಕುಡಿಯಿರಿ. ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಒಟ್ಟಿಗೆ ಕುಡಿಯದೆ ದಿನವಿಡೀ ಹಂಚಿಕೊಳ್ಳಿ. ಮಲಗುವ ಮುಂಚೆಯೂ ಒಂದು ಲೋಟ ಇರಲಿ. ಹೃದಯದ ಕಾಯಿಲೆ, ಕಿಡ್ನಿ ಕಾಯಿಲೆ ಇರುವವರು ಮಾತ್ರ ಡಾಕ್ಟರ್ ಹೇಳಿದಷ್ಟೇ ಕುಡಿಯಬೇಕು.
• ಅಳತೆ ಗೊತ್ತಾಗದಿದ್ದರೆ ಮೂತ್ರದ ಬಣ್ಣ ನೋಡಿ. ತಿಳಿಯಾಗಿದ್ದರೆ ಸರಿ. ಗಾಢ ಹಳದಿಯಾದರೆ ನೀರು ಸಾಲದು.
• ಉಪ್ಪು ಕಡಿಮೆ ಮಾಡಿ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ.
• ನೀರಿಗೆ ನಿಂಬೆಹಣ್ಣು ಹಿಂಡಿ ಕುಡಿಯಿರಿ, ಉಪ್ಪು ಸಕ್ಕರೆ ಸುರಿಯಬೇಡಿ.
• ಮೂತ್ರ ಕಟ್ಟಿಕೊಂಡು ಕೂರಬೇಡಿ. ಉರಿಮೂತ್ರ ಬಂದರೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಪೂರ್ತಿ ಮುಗಿಸಿ.

ಸಂಘದ ಕೆಲಸವೂ ಇದೆ

"ನೀರು ಕುಡೀರಿ" ಅಂತ ಹೇಳುವುದು ಸುಲಭ. ಕುಡಿದ ಮೇಲೆ ಹೋಗಲು ಜಾಗ ಬೇಕಲ್ಲ? ಇದು ಒಬ್ಬ ಹೆಣ್ಣುಮಗಳಿಂದ ಆಗುವ ಕೆಲಸವಲ್ಲ, ಸಂಘದಿಂದ ಆಗುತ್ತದೆ. ಹೊಲದಲ್ಲಿ ಹತ್ತು ಜನ ದುಡಿಯುವಾಗ ನಾಲ್ಕು ಕೋಲು, ಒಂದು ಹಳೇ ಸೀರೆ ಇದ್ದರೆ ಮರೆ ಆಗುತ್ತದೆ. ಕೆಲಸ ಕೊಡುವವರಲ್ಲಿ ಕುಡಿಯುವ ನೀರು, ಶೌಚಾಲಯ ಒಟ್ಟಾಗಿ ಕೇಳಿ. ಬಸ್ ನಿಲ್ದಾಣ, ಸಂತೆಯ ಜಾಗದಲ್ಲಿ ಹೆಂಗಸರ ಶೌಚಾಲಯ ಬೇಕೆಂದು ಗ್ರಾಮಸಭೆಯಲ್ಲಿ ಅರ್ಜಿ ಕೊಡಿ.

ಮುಂದಿನ ಸಭೆಯಲ್ಲಿ ಚರ್ಚಿಸೋಣ

1. ನಿನ್ನೆ ನಾನು ಎಷ್ಟು ಲೋಟ ನೀರು ಕುಡಿದೆ? ಕಡಿಮೆ ಕುಡಿದಿದ್ದರೆ ಕಾರಣ ಏನು?
2. ನಮ್ಮಲ್ಲಿ ಯಾರಿಗಾದರೂ ಕಲ್ಲಿನ ನೋವು ಬಂದು ಹೋಗಿದೆಯೇ? ಆಮೇಲೆ ಸ್ಕ್ಯಾನಿಂಗ್ ಆಗಿದೆಯೇ? ಸ್ಟೆಂಟ್ ತೆಗೆಸಿದ್ದಾರೆಯೇ?
3. ನಾವು ಕೆಲಸ ಮಾಡುವ ಜಾಗದಲ್ಲಿ ಮರೆಗೆ ಏನು ವ್ಯವಸ್ಥೆ ಮಾಡಬಹುದು? ಯಾರು ಮುಂದಾಳತ್ವ ವಹಿಸುತ್ತಾರೆ?

ಚರ್ಚೆ ಶುರು ಮಾಡುವ ಮುಂಚೆ ಎಲ್ಲರೂ ಒಂದೊಂದು ಲೋಟ ನೀರು ಕುಡಿಯಿರಿ. ನಾಳೆ ಬುತ್ತಿಯ ಜೊತೆ ಒಯ್ಯುವ ಬಾಟಲಿ ಸಂಜೆ ಖಾಲಿಯಾಗಿ ಮನೆಗೆ ಬರಲಿ.